ಸರಾಯೆವೊದ ಹೆಂಗಸು ನನ್ನ ತರಗತಿಗೆ ಬಂದದ್ದು

ನನ್ನ ಗಂಡ ತೀರಿಕೊಂಡ ದಿನ ಮಧ್ಯಾಹ್ನ ನಾನು ಮೊಸರನ್ನ ತಿಂದೆ. ಆಸ್ಪತ್ರೆಯಿಂದ ಮನೆಗೆ ಬಂದಾಗ ಹಾಲ್ ತುಂಬ ಅವರ ಫ್ಯಾಕ್ಟರಿಯ ಜನ ಕೂತಿದ್ದರು. ನಾನು ನೇರವಾಗಿ ಅಡುಗೆಮನೆಗೆ ಹೋದೆ. ಬೆಳಿಗ್ಗೆ ಡಬ್ಬಿಗೆ ಹಾಕಿ ಉಳಿದಿದ್ದ ಮೊಸರನ್ನವಿತ್ತು. ಮಾವಿನಕಾಯಿ ಉಪ್ಪಿನಕಾಯಿ ಹಾಕಿಕೊಂಡು, ನಿಂತುಕೊಂಡೇ ತಿಂದು, ತಟ್ಟೆ ತೊಳೆದು ಕವುಚಿಟ್ಟೆ. ಮಗಳು ಬಾಗಿಲ ಹತ್ತಿರ ಬಂದು ನೋಡಿದಳು. ತನ್ನ ಕೋಣೆಗೆ ಹೋದಳು. ಅವಳಿಗೆ ಆಗ ಹದಿನೈದು.

ನಾವು ಮೈಸೂರು ಬಿಟ್ಟು ನೈರೋಬಿಗೆ ಬಂದದ್ದು ಅವರ ಕೆಲಸಕ್ಕಾಗಿ. ಔಷಧಿ ತಯಾರಿಸುವ ಕಂಪನಿಯೊಂದರಲ್ಲಿ ಅವರು ಮ್ಯಾನೇಜರು. ನಾನು ಒಂದು ಶಾಲೆಯಲ್ಲಿ ಇತಿಹಾಸ ಕಲಿಸುತ್ತೇನೆ. ಮಗಳೂ ಅಲ್ಲಿಯೇ ಓದುತ್ತಾಳೆ. ಆ ದಿನ ಅವರು ಫ್ಯಾಕ್ಟರಿಯ ಮೆಟ್ಟಿಲು ಹತ್ತುತ್ತಿದ್ದಾಗ ಸುಸ್ತೆಂದು ನಡುವೆಯೇ ಕೂತರಂತೆ. ಮತ್ತೆ ಏಳಲಿಲ್ಲ. ಹೃದಯದ ರಕ್ತನಾಳಗಳು ಎಷ್ಟೋ ವರ್ಷಗಳಿಂದ ಕಟ್ಟಿಕೊಳ್ಳುತ್ತಾ ಬಂದಿದ್ದವು, ಮೆಟ್ಟಿಲು ಒಂದು ನೆಪ ಅಷ್ಟೆ ಎಂದು ಡಾಕ್ಟರು ಹೇಳಿದರು. ಆಗಾಗ ಎದೆನೋವು ಬರುತ್ತಿದ್ದಿರಬೇಕು, ನಿಮಗೆ ಹೇಳಿರಲಿಲ್ಲವೇ ಎಂದು ಕೇಳಿದರು, ನಾನು ಇಲ್ಲವೆಂದು ತಲೆಯಾಡಿಸಿದೆ.

ಮರುದಿನ ಕರಿಯೊಕೋರ್‌ನಲ್ಲಿರುವ ಹಿಂದೂ ಸ್ಮಶಾನದಲ್ಲಿ ಸಂಸ್ಕಾರವಾಯಿತು. ಪುರೋಹಿತರು ಗುಜರಾತಿನವರು. ನಮ್ಮ ಕಡೆಯ ಪದ್ಧತಿ ಅವರಿಗೆ ಗೊತ್ತಿರಲಿಲ್ಲ, ನನಗೂ ಅಷ್ಟು ಗೊತ್ತಿರಲಿಲ್ಲ. ಮೈದುನನಿಗೆ ವಿಮಾನ ಸಿಗಲಿಲ್ಲವಾದ್ದರಿಂದ ಮಗಳೇ ಬೆಂಕಿ ಕೊಟ್ಟಳು. ನನಗೆ ಅಳು ಬರಲಿಲ್ಲ. ಹಲ್ಲು ಕೀಳುವ ಮುಂಚೆ ಚುಚ್ಚುತ್ತಾರಲ್ಲ, ಆಮೇಲೆ ತುಟಿ ಯಾರದೋ ಅನ್ನಿಸುತ್ತದಲ್ಲ, ಹಾಗೆ ನನ್ನ ಮೈಯೆಲ್ಲ ಬೇರೆ ಯಾರದೋ ಆಗಿತ್ತು. ಜನ ಬಂದು ಹಣೆಬರಹ ಎಂದರು, ನಾನು ಕುಡಿಯಲು ನೀರು ಬೇಕೇ ಎಂದು ಕೇಳಿದೆ.

ನಾವಿದ್ದದ್ದು ರಿವರ್‌ಸೈಡ್‌ನಲ್ಲಿ, ಕಂಪನಿ ಕೊಟ್ಟ ಫ್ಲ್ಯಾಟಿನಲ್ಲಿ. ಕೆಳಗಿನ ಮಹಡಿಯಲ್ಲಿ ಒಬ್ಬ ಹೆಂಗಸು ಒಂಟಿಯಾಗಿ ಇದ್ದರು. ಯೂರೋಪಿನವರು, ನನಗಿಂತ ಸ್ವಲ್ಪ ಚಿಕ್ಕವರು. ಗಿಗಿರಿ ಬಡಾವಣೆಯ ಕಚೇರಿಯೊಂದರಲ್ಲಿ ಕೆಲಸ. ಜಗಳ ನಡೆಯುವ ದೇಶಗಳಿಗೆ ಅಕ್ಕಿ, ಬೇಳೆ, ಎಣ್ಣೆ ಸಾಗಿಸುವುದನ್ನು ನೋಡಿಕೊಳ್ಳುವ ಕೆಲಸ. ಲಿಫ್ಟಿನಲ್ಲಿ ಸಿಕ್ಕಾಗ ತಲೆ ಬಾಗಿಸುತ್ತಿದ್ದರು, ಅಷ್ಟೇ ಪರಿಚಯ. ಅವರು ಹತ್ತನೆಯ ದಿನದ ಹೊತ್ತಿಗೆ ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಉದ್ದ ಹಿಡಿಯ ಒಂದು ಪುಟ್ಟ ತಾಮ್ರದ ಪಾತ್ರೆ.

"ಊಟ ಮಾಡಿದಿರಾ?" ಎಂದು ಕೇಳಿದರು, ಇಂಗ್ಲಿಷಿನಲ್ಲಿ.

ಅಷ್ಟು ದಿನದಲ್ಲಿ ನೈರೋಬಿಯ ಯಾರೂ ನನ್ನನ್ನು ಆ ಮಾತು ಕೇಳಿರಲಿಲ್ಲ. ಮಾಡಿದೆ ಎಂದೆ. ಹಾಗಾದರೆ ಕಾಫಿ ಕುಡಿಯೋಣ ಎಂದು ಅವರೇ ಒಲೆಯ ಮುಂದೆ ನಿಂತರು. ಸೋಸದ ಕಾಫಿ. ಗಸಿ ಕೆಳಗೆ ಇಳಿಯುವ ತನಕ ಕಾಯಬೇಕು. ಕಾಯುವಾಗ ಅವರು ಮಾತಾಡಲಿಲ್ಲ, ನನ್ನಿಂದ ಮಾತನ್ನೂ ಬಯಸಲಿಲ್ಲ. ಆಮೇಲೆ ಭಾನುವಾರಗಳಂದು ಬರುವುದು ರೂಢಿಯಾಯಿತು.

ಈಸ್ಟರ್ ರಜೆ ಮುಗಿದು ಶಾಲೆ ತೆರೆಯಿತು. ಇನ್ನೂ ಸ್ವಲ್ಪ ದಿನ ರಜೆ ತೆಗೆದುಕೊಳ್ಳಿ ಎಂದು ಪ್ರಿನ್ಸಿಪಾಲರು ಹೇಳಿದರೂ ನಾನು ಹೋದೆ. ಮನೆಯಲ್ಲಿ ಕೂತರೆ ಮಾಡುವುದೇನು? ಆ ಅವಧಿಗೆ ಮೊದಲ ಮಹಾಯುದ್ಧದ ಕಾರಣಗಳ ಪಾಠ. ವರ್ಷಾ ವರ್ಷಾ ಹೇಳಿದ್ದರಿಂದ ಬಾಯಿ ತಾನಾಗಿಯೇ ನಡೆಯುತ್ತಿತ್ತು. ಮಗಳು ಆ ವರ್ಷ ನನ್ನ ತರಗತಿಯಲ್ಲಿಯೇ, ಕಿಟಕಿಯ ಪಕ್ಕದ ಬೆಂಚಿನಲ್ಲಿ.

ಬೋರ್ಡಿನ ಮೇಲೆ ಯೂರೋಪಿನ ನಕ್ಷೆ ಬರೆದೆ. ಬೋಸ್ನಿಯಾವನ್ನು ಆಸ್ಟ್ರಿಯಾ ನುಂಗಿಕೊಂಡಿತ್ತು. ಪಕ್ಕದ ಸರ್ಬಿಯಾ ತನ್ನ ಭಾಷೆಯಾಡುವ ಜನರೆಲ್ಲ ಒಂದೇ ನಾಡಾಗಬೇಕು ಎನ್ನುತ್ತಿತ್ತು. ಬೋಸ್ನಿಯಾದ ಕೆಲವು ಹುಡುಗರಿಗೂ ಅದೇ ಕನಸು. ನಮ್ಮ ಜನ, ನಮ್ಮ ನೆಲ ಎಂಬ ಮಾತು ಆಗ ಎಲ್ಲ ದೇಶಗಳಲ್ಲೂ ಹಬ್ಬಿತ್ತು. ದೊಡ್ಡ ದೇಶಗಳು ಸೈನ್ಯ ಬೆಳೆಸಿಕೊಂಡು, ನಿನ್ನ ಮೈಮೇಲೆ ಬಂದವನ ಮೈಮೇಲೆ ನಾನು ಹೋಗುತ್ತೇನೆ ಎಂದು ಒಪ್ಪಂದ ಮಾಡಿಕೊಂಡಿದ್ದವು. ಆಸ್ಟ್ರಿಯಾದ ಯುವರಾಜ ಹೆಂಡತಿಯ ಜೊತೆ ಸರಾಯೆವೊ ಊರಿಗೆ ಬಂದ. ಬೆಳಿಗ್ಗೆ ಅವನ ಕಾರಿಗೆ ಅಂಥ ಹುಡುಗರ ಗುಂಪಿನ ಒಬ್ಬ ಬಾಂಬ್ ಎಸೆದ. ಅದು ತಪ್ಪಿ ಹಿಂದಿನ ಕಾರಿನವರಿಗೆ ತಗುಲಿತು. ಗಾಯಗೊಂಡವರನ್ನು ನೋಡಲು ಹೊರಟಾಗ ಡ್ರೈವರು ತಪ್ಪು ರಸ್ತೆಗೆ ತಿರುಗಿದ, ತಿರುಗಿಸಿಕೊಳ್ಳಲು ಕಾರು ನಿಲ್ಲಿಸಿದ. ಅದೇ ಮೂಲೆಯಲ್ಲಿ ಆ ಗುಂಪಿನ ಇನ್ನೊಬ್ಬ ಹುಡುಗ ಪಿಸ್ತೂಲಿನೊಂದಿಗೆ ನಿಂತಿದ್ದ. ಗಂಡ ಹೆಂಡತಿ ಇಬ್ಬರೂ ಸತ್ತರು. ಆಸ್ಟ್ರಿಯಾ ಸರ್ಬಿಯಾದ ಮೇಲೆ ಯುದ್ಧ ಸಾರಿತು. ಸರ್ಬಿಯಾದ ಪರ ರಷ್ಯಾ, ಆಸ್ಟ್ರಿಯಾದ ಪರ ಜರ್ಮನಿ, ರಷ್ಯಾದ ಜೊತೆಗೆ ಫ್ರಾನ್ಸ್, ಕೊನೆಗೆ ಬ್ರಿಟನ್. ಬೇಸಿಗೆ ಮುಗಿಯುವುದರೊಳಗೆ ಎಲ್ಲರೂ ಇಳಿದಿದ್ದರು.

ಮುಂದಿನ ಬೆಂಚಿನಲ್ಲಿ ಕೂರುವ, ಕಿಸುಮು ಕಡೆಯ ಹುಡುಗಿಯೊಬ್ಬಳು ಕೈಯೆತ್ತಿದಳು. ಎತ್ತರದ ಹುಡುಗಿ, ಪಾಠ ಕೇಳುವಾಗ ಗಲ್ಲಕ್ಕೆ ಪೆನ್ನು ಒತ್ತಿಕೊಳ್ಳುವ ಅಭ್ಯಾಸ. "ಮ್ಯಾಡಂ, ಆ ಡ್ರೈವರ್ ಸರಿಯಾದ ರಸ್ತೆಗೆ ಹೋಗಿದ್ದರೆ?"

ಪ್ರತಿ ವರ್ಷ ಯಾರಾದರೂ ಕೇಳುವ ಪ್ರಶ್ನೆ. ನನ್ನ ಉತ್ತರವೂ ಸಿದ್ಧವಿತ್ತು. "ಇನ್ನೊಂದು ನೆಪ ಸಿಗುತ್ತಿತ್ತು. ಕಾರಣಗಳು ಮೊದಲೇ ಕೂಡಿ ಬಿದ್ದಿದ್ದವು."

ಹೇಳಿದ ಮೇಲೆ ಡಾಕ್ಟರ ಮಾತು ನೆನಪಾಯಿತು. ಏನೂ ಅನ್ನಿಸಲಿಲ್ಲ. ಮಗಳು ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನೇ ನೋಡುತ್ತಿದ್ದಳು. ನಾನು ಬೋರ್ಡ್ ಒರೆಸಿದೆ.

ಆ ಭಾನುವಾರ ಕಾಫಿಯ ಗಸಿ ಇಳಿಯುವುದನ್ನು ಕಾಯುತ್ತಾ, ಸುಮ್ಮನೆ ಮಾತಿಗೆಂದು, ಶಾಲೆಯಲ್ಲಿ ಯಾವ ಪಾಠ ನಡೆಯುತ್ತಿದೆ ಎಂದು ಕೆಳಗಿನ ಮನೆಯವರಿಗೆ ಹೇಳಿದೆ. ಅವರು ಲೋಟ ಕೆಳಗಿಟ್ಟರು.

"ಗುಂಡು ಹಾರಿದ ಆ ಮೂಲೆ ನಮ್ಮ ಟ್ರಾಮ್ ದಾರಿಯಲ್ಲಿ ಸಿಗುತ್ತದೆ. ನಾನು ಹುಟ್ಟಿದ್ದು ಆ ಊರಿನಲ್ಲೇ. ಅಪ್ಪ ಟ್ರಾಮ್ ಓಡಿಸುತ್ತಿದ್ದರು, ದಿನಾ ಅದರ ಮುಂದೆಯೇ."

ಅವರು ಯೂರೋಪಿನವರು ಎಂದಷ್ಟೇ ನನಗೆ ಗೊತ್ತಿತ್ತು. ಯಾವ ದೇಶ ಎಂದು ಕೇಳುವುದಕ್ಕೂ ನನ್ನಲ್ಲಿ ಅಷ್ಟು ದಿನ ಶಕ್ತಿಯಿರಲಿಲ್ಲ. ಮಕ್ಕಳ ಮುಂದೆ ಒಂದು ದಿನ ಬಂದು ಮಾತಾಡುತ್ತೀರಾ ಎಂದು ಕೇಳಿದೆ.

"ನನಗೆ ಇತಿಹಾಸ ಬರುವುದಿಲ್ಲ."

"ಇತಿಹಾಸ ನಾನು ಹೇಳಿ ಆಗಿದೆ. ನೀವು ಆ ಮೂಲೆಯ ಬಗ್ಗೆ ಹೇಳಿ."

ಅವರು ಒಪ್ಪಿದರು.

ಜೂನ್ ತಿಂಗಳ ಚಳಿ. ನೈರೋಬಿಯಲ್ಲಿ ಆಗ ದಿನವಿಡೀ ಸೂರ್ಯ ಕಾಣುವುದಿಲ್ಲ, ಬೂದಿ ಬಣ್ಣದ ಮೋಡ ಮುಚ್ಚಿಕೊಂಡಿರುತ್ತದೆ. ಅವರು ಕಪ್ಪು ಸ್ವೆಟರ್ ಹಾಕಿಕೊಂಡು, ನನ್ನ ಮೇಜಿನ ಅಂಚಿಗೆ ಒರಗಿ ನಿಂತು ಮಾತು ಶುರುಮಾಡಿದರು. ಎಂಟು ವರ್ಷದವರಿದ್ದಾಗ ಶಾಲೆಯವರು ಅವರನ್ನು ಆ ಮೂಲೆಗೆ ಕರೆದುಕೊಂಡು ಹೋಗಿದ್ದರಂತೆ. ಗುಂಡು ಹಾರಿಸಿದವನು ನಿಂತಿದ್ದ ಜಾಗದಲ್ಲಿ ಸಿಮೆಂಟಿನಲ್ಲಿ ಎರಡು ಹೆಜ್ಜೆಗಳ ಅಚ್ಚು. ಮಕ್ಕಳೆಲ್ಲ ಸರದಿಯಲ್ಲಿ ಅದರೊಳಗೆ ಪಾದವಿಟ್ಟು ನಿಂತು ನೋಡಬೇಕು. "ನನ್ನ ಶೂಸು ತುಂಬ ಚಿಕ್ಕದು. ಮುಂದಕ್ಕೆ ಬಾಗಿ ಬಿದ್ದೆ, ಎಲ್ಲರೂ ನಕ್ಕರು."

ತರಗತಿಯೂ ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ ಬಾಯಲ್ಲಿ ಗುಂಡಿನ ಸದ್ದು ಮಾಡಿದರು. ನಾನು ಗದರುವ ಮುಂಚೆಯೇ ಕಿಸುಮು ಹುಡುಗಿ ಕೇಳಿದಳು, "ಹಾಗಾದರೆ ಅವನು ಹೀರೋನಾ, ಟೆರರಿಸ್ಟಾ?"

"ನನಗೆ ಎಂಟು ವರ್ಷವಿದ್ದಾಗ ಹೀರೋ. ಸೇತುವೆಗೂ ಅವನ ಹೆಸರೇ ಇತ್ತು. ಆಮೇಲೆ ನಮ್ಮ ದೇಶ ಒಡೆಯಿತು. ಒಂದೇ ಮಹಡಿಯಲ್ಲಿ ಇದ್ದವರು ನೀನು ಯಾರು, ನಾನು ಯಾರು ಎಂದು ಕೇಳಿಕೊಳ್ಳಲು ಶುರುಮಾಡಿದರು. ಊರಿನ ಸುತ್ತ ಗುಡ್ಡ. ಗುಡ್ಡದ ಮೇಲೆ ಫಿರಂಗಿ ಇಟ್ಟರು. ಆ ಹೆಜ್ಜೆ ಗುರುತನ್ನು ಯಾರೋ ಕಿತ್ತುಹಾಕಿದರು. ಈಗ ಅಲ್ಲಿರುವ ಕಲ್ಲಿನಲ್ಲಿ ಇಂಥ ದಿನ ಇಲ್ಲಿ ಇಂಥವನು ಇಂಥವರನ್ನು ಕೊಂದ ಅಂತಷ್ಟೇ ಇದೆ. ಗುಡ್ಡದ ಆಚೆ ಹೋದರೆ ಅವನಿಗೆ ಪ್ರತಿಮೆ ನಿಲ್ಲಿಸಿದ್ದಾರೆ."

"ನಿಮ್ಮ ಪ್ರಕಾರ?" ಹುಡುಗಿ ಬಿಡಲಿಲ್ಲ.

"ಹತ್ತೊಂಬತ್ತು ವರ್ಷದ ಹುಡುಗ. ತನ್ನ ಜನರಿಗೆ ಒಳ್ಳೆಯದಾಗುತ್ತದೆ ಅಂದುಕೊಂಡಿದ್ದ. ಏನು ಬರುತ್ತೆ ಅಂತ ಅವನಿಗೆ ಗೊತ್ತಿರಲಿಲ್ಲ. ಅವನ ಹಿಂದೆ ನಿಂತು ತಮಗೆ ಗೊತ್ತು ಅಂದುಕೊಂಡಿದ್ದ ದೊಡ್ಡವರ ಮೇಲೆ ನನಗೆ ಹೆಚ್ಚು ಕೋಪ."

ಕೋಪ ಎಂಬ ಮಾತನ್ನೂ ಅವರು ಬಸ್ಸಿನ ವೇಳೆ ಹೇಳುವಂತೆ ಹೇಳಿದರು. ಯುದ್ಧದ ಸಮಯದಲ್ಲಿ ಏನು ಮಾಡುತ್ತಿದ್ದಿರಿ ಎಂದು ಇನ್ನೊಬ್ಬ ವಿದ್ಯಾರ್ಥಿ ಕೇಳಿದ. ನೀರು ತರುವುದು ಎಂದರು. ನಲ್ಲಿ ಒಣಗಿತ್ತು, ಕ್ಯಾನುಗಳನ್ನು ಹಿಡಿದು ಊರಿನ ಆಚೆ ಬದಿಯ ಬುಗ್ಗೆಗೆ ಹೋಗಬೇಕಿತ್ತು. ರಸ್ತೆ ದಾಟುವ ಕಡೆ ಗುಡ್ಡದಿಂದ ಕಾಣಬಾರದೆಂದು ಕಂಬಳಿಗಳನ್ನು ಕಟ್ಟಿರುತ್ತಿದ್ದರು. ಟ್ರಾಮ್ ನಿಂತುಹೋಗಿದ್ದರಿಂದ ಅಪ್ಪನಿಗೆ ಕೆಲಸವಿರಲಿಲ್ಲ. ಒಂದು ಬೆಳಿಗ್ಗೆ ಬ್ರೆಡ್ಡಿನ ಸರದಿಯಲ್ಲಿ ಅಪ್ಪ ನಿಂತಿದ್ದ ಕಡೆ ಗುಡ್ಡದಿಂದ ಶೆಲ್ ಬಿತ್ತು.

"ಪಕ್ಕದ ಮನೆಯವರು ಬಂದು ಹೇಳಿದರು. ಅಪ್ಪ ಕೊಂಡಿದ್ದ ಬ್ರೆಡ್ಡನ್ನೂ ತಂದುಕೊಟ್ಟರು. ಅಮ್ಮ ಕೂತೇ ಇದ್ದರು. ನಾನು ಆ ಬ್ರೆಡ್ ತಿಂದೆ." ಅವರು ಸ್ವೆಟರಿನ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡರು. "ಪೂರ್ತಿ ತಿಂದೆ. ಹಸಿವಾಗಿತ್ತಾ ಅಂತ ಆಮೇಲೆ ಎಷ್ಟೋ ಜನ ಕೇಳಿದರು. ಹಸಿವಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು. ಅಳು ಬಂದದ್ದು ಯಾವಾಗಲೋ, ಯಾವುದೋ ಅಂಗಡಿಯಲ್ಲಿ."

ನಾನು ಮಗಳ ಕಡೆ ನೋಡಲಿಲ್ಲ. ಗಂಟೆ ಹೊಡೆದಾಗ ಮಕ್ಕಳು ಒಬ್ಬೊಬ್ಬರಾಗಿ ಬಂದು ಅವರ ಕೈ ಕುಲುಕಿ, "ಪೊಲೆ ಸಾನಾ" ಎಂದು ಹೇಳಿ ಹೋದರು. ಕೆನ್ಯಾದಲ್ಲಿ ಎಡವಿ ಬಿದ್ದವರಿಗೂ, ತಂದೆಯನ್ನು ಕಳೆದುಕೊಂಡವರಿಗೂ ಹೇಳುವುದು ಅದೇ ಮಾತು.

ಸಂಜೆ ಕಾರಿನಲ್ಲಿ ಮನೆಗೆ ಹೊರಟಾಗ ವಯಾಕಿ ರಸ್ತೆಯಲ್ಲಿ ಎಂದಿನಂತೆ ವಾಹನಗಳು ಸಿಕ್ಕಿಕೊಂಡಿದ್ದವು. ಪಕ್ಕದ ಮಟಾಟು ವ್ಯಾನಿನ ಹಾಡಿಗೆ ನಮ್ಮ ಕಾರಿನ ಗಾಜು ಅದುರುತ್ತಿತ್ತು. ಮಗಳು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅದರ ಜಿಪ್ ಎಳೆಯುತ್ತಾ, ಮುಚ್ಚುತ್ತಾ ಇದ್ದಳು.

"ಅಮ್ಮ, ಆವತ್ತು ನೀನೂ ತಿಂದೆ."

"ಹೂಂ."

"ಐ ಸಾ ಯು. ಅಪ್ಪ ಹೋಗಿದ್ದಾರೆ, ಆ್ಯಂಡ್ ಯು ವರ್ ಈಟಿಂಗ್ ಪಿಕಲ್. ಐ ಹೇಟೆಡ್ ಯು, ಅಮ್ಮ. ಇಷ್ಟು ದಿನಾನೂ."

ಮುಂದಿನ ಲಾರಿ ಒಂದು ಮಾರು ಸರಿಯಿತು. ನಾನೂ ಸರಿದೆ.

"ಈಗ?" ಎಂದೆ.

"ಈಗ ಗೊತ್ತಿಲ್ಲ." ಜಿಪ್ ಮುಚ್ಚಿ, "ನೀನ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ ಪುಟ್ಟಿ? ನಂಗೇ ಗೊತ್ತಿರ್ಲಿಲ್ಲ. ನಾನು ತಿಂತಾ ಇದೀನಿ ಅನ್ನೋದೂ ಗೊತ್ತಾಗ್ಲಿಲ್ಲ."

ಅವಳು ಅತ್ತಳು. ತಂದೆ ಹೋದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಗೇರಿನ ಮೇಲಿದ್ದ ಕೈಯನ್ನು ತೆಗೆದು ಅವಳ ಬೆನ್ನ ಮೇಲಿಟ್ಟೆ. ಬೆನ್ನು ಬಿಸಿಯಾಗಿತ್ತು. ಅಷ್ಟು ಮಾತ್ರ ತಿಳಿಯಿತು. ನನ್ನ ಕಣ್ಣು ಒಣಗಿಯೇ ಇತ್ತು.

ಆ ವಾರವೇ ಕಿಸುಮು ಹುಡುಗಿ ಸ್ಟಾಫ್ ರೂಮಿಗೆ ಬಂದಳು. ಆ ಯುದ್ಧಕ್ಕೆ ತನ್ನ ಮನೆಯವರೂ ಹೋಗಿದ್ದರಂತೆ, ಅಜ್ಜಿ ಹೇಳಿದರಂತೆ. ಅಜ್ಜಿಯ ತಾತನನ್ನು ಬ್ರಿಟಿಷರ ಕಡೆಯವರು ಹಳ್ಳಿಯಿಂದ ಹಿಡಿದುಕೊಂಡು ಹೋದರು. ಬಂದೂಕು ಕೊಡಲಿಲ್ಲ, ತಲೆಯ ಮೇಲೆ ಮೂಟೆ ಹೊರಿಸಿದರು. ವಾಪಸು ಬರಲಿಲ್ಲ.

"ಮ್ಯಾಡಂ, ಅವರಿಗೆ ಆ ಯುವರಾಜ ಯಾರು ಅಂತ ಯಾರಾದರೂ ಹೇಳಿರ್ತಾರಾ?"

ಹೇಳಿರಲಿಕ್ಕಿಲ್ಲ ಎಂದೆ. ಕೆನ್ಯಾ ಆಗ ಬ್ರಿಟಿಷರದು, ಪಕ್ಕದ ಟಾಂಜಾನಿಯಾ ಜರ್ಮನರದು. ಯೂರೋಪಿನ ಜಗಳ ಇಲ್ಲಿಯ ಗಡಿಗೂ ಬಂತು. ನಮ್ಮ ದೇಶದಿಂದಲೂ ಸಿಪಾಯಿಗಳನ್ನು ಹಡಗಿನಲ್ಲಿ ತಂದರು. ರಸ್ತೆಯಿಲ್ಲದ ಕಾಡು. ಕತ್ತೆ, ಎತ್ತುಗಳು ನೊಣ ಕಚ್ಚಿ ಸತ್ತವು, ಅವುಗಳ ಬದಲು ಮನುಷ್ಯರು ಹೊತ್ತರು. ಹೊತ್ತವರಲ್ಲಿ ಗುಂಡಿಗಿಂತ ಹಸಿವೆಗೆ, ಭೇದಿಗೆ, ಜ್ವರಕ್ಕೆ ಸತ್ತವರೇ ಹೆಚ್ಚು. ಆ ಹೊರೆಯಾಳುಗಳ ಪಡೆಗೆ ಇಂಗ್ಲಿಷಿನಲ್ಲಿ ಕ್ಯಾರಿಯರ್ ಕೋರ್ ಎಂದು ಹೆಸರು. ಅವರ ಬಿಡಾರವಿದ್ದ ಜಾಗವೇ ಜನರ ಬಾಯಲ್ಲಿ ಕರಿಯೊಕೋರ್ ಆಯಿತು.

ಇದು ನನಗೆ ಮೊದಲೂ ಗೊತ್ತಿತ್ತು. ಗಂಡನನ್ನು ಸುಟ್ಟ ದಿನ ಆ ಹೆಸರಿನ ಬೋರ್ಡಿನ ಕೆಳಗೇ ಇಳಿದಿದ್ದೆ. ಹುಡುಗಿಗೆ ಹೇಳುತ್ತಿದ್ದಾಗ ಮಾತ್ರ ಎರಡೂ ಒಂದೇ ಜಾಗ ಎಂಬುದು ಮನಸ್ಸಿಗೆ ಬಂತು.

ತರಗತಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಲು ಪ್ರಿನ್ಸಿಪಾಲರ ಒಪ್ಪಿಗೆ ಕೇಳಿದೆ. ಶಾಲೆಯ ಬಸ್ಸಿನಲ್ಲಿ ಹೊರಟೆವು. ಕೆಳಗಿನ ಮನೆಯವರೂ ರಜೆ ಹಾಕಿ ಬಂದರು. ಮೊದಲು ಪೇಟೆಯ ನಡುವಿನ ಸ್ಮಾರಕಕ್ಕೆ ಹೋದೆವು. ಕಂಚಿನ ಮೂವರು ಆಳುಗಳು, ಬಂದೂಕು ಹಿಡಿದವರು ಇಬ್ಬರು, ಹೊರೆ ಹೊತ್ತವನು ಒಬ್ಬ. ಹೊರೆಯಾಳುಗಳ ಹೆಸರುಗಳು ಎಲ್ಲಿ ಎಂದು ಹುಡುಗಿ ಕಲ್ಲಿನ ನಾಲ್ಕೂ ಬದಿ ಸುತ್ತಿ ನೋಡಿದಳು. ಇರಲಿಲ್ಲ.

"ಸರಾಯೆವೊದಲ್ಲಿ ಒಬ್ಬನ ಹೆಸರಿಗೆ ಅಷ್ಟು ಜಗಳ," ಎಂದಳು ಪಕ್ಕದಲ್ಲಿದ್ದ ನನ್ನ ಮಗಳಿಗೆ. "ಇಲ್ಲಿ ಇಷ್ಟು ಜನ, ಒಂದು ಹೆಸರೂ ಇಲ್ಲ."

ಕೆಳಗಿನ ಮನೆಯವರು ಅವಳ ಭುಜ ಹಿಡಿದು, ಅಜ್ಜಿಯ ತಾತನ ಹೆಸರೇನು ಎಂದು ಕೇಳಿದರು. ಹುಡುಗಿ ಹೇಳಿದಳು. ಅವರಿಗೆ ಮೊದಲ ಸಲ ಸರಿಯಾಗಿ ಹೇಳಲು ಬರಲಿಲ್ಲ. ಹುಡುಗಿ ತಿದ್ದಿದಳು, ಅವರು ಮತ್ತೆ ಹೇಳಿದರು. ಆಮೇಲೆ ಮಕ್ಕಳೆಲ್ಲ ಹೇಳಿದರು, ನಾನೂ ಹೇಳಿದೆ. ಫುಟ್‌ಪಾತಿನಲ್ಲಿ ಹೋಗುತ್ತಿದ್ದವರು ಇದೇನೆಂದು ನಿಂತು ನೋಡಿದರು. ಆ ಹೆಸರು ಆ ಮನೆಯವರದು, ಹಾಗಾಗಿ ಇಲ್ಲಿ ಬರೆಯುವುದಿಲ್ಲ.

ಅಲ್ಲಿಂದ ಕರಿಯೊಕೋರ್ ಮಾರ್ಕೆಟ್ಟಿಗೆ. ಚರ್ಮದ ಚಪ್ಪಲಿ, ಕತ್ತಾಳೆಯ ಬುಟ್ಟಿ, ಸುಡುವ ಮಾಂಸದ ಹೊಗೆ. ಬುಟ್ಟಿ ಮಾರುವ ಹೆಂಗಸನ್ನು ಹುಡುಗಿ ಮಾತಾಡಿಸಿದಳು. ಈ ಹೆಸರಿನ ಅರ್ಥ ಗೊತ್ತೇ ಎಂದು ಕೇಳಿದಳು. ಬರೀ ಹೆಸರಲ್ಲವೇ ಎಂದರು ಆಕೆ. ಹುಡುಗಿ ವಿವರಿಸಿ ಹೇಳಿದ ಮೇಲೆ ಆಕೆ ಹೆಣೆಯುವುದನ್ನು ನಿಲ್ಲಿಸಿ, ಹಾಗಾದರೆ ನಾವು ಕೂತಿರುವುದು ಅವರ ಅಂಗಳದಲ್ಲಿ ಎಂದರು. ಮತ್ತೆ ಹೆಣೆಯತೊಡಗಿದರು.

ವಾಪಸು ಬರುವಾಗ ಬಸ್ಸು ಸ್ಮಶಾನದ ಗೇಟಿನ ಮುಂದೆಯೇ ಹಾದುಹೋಯಿತು. ಮಗಳು ಎದ್ದು ಬಂದು ನನ್ನ ಪಕ್ಕ ಕೂತಳು. ನಾವಿಬ್ಬರೂ ಗೇಟನ್ನು ನೋಡಿದೆವು. ಒಳಗೆ ಯಾರೋ ಎಲೆ ಗುಡಿಸುತ್ತಿದ್ದರು.

ಮೈಸೂರಿನಿಂದ ಅಣ್ಣ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. "ಇನ್ನೇನಮ್ಮ ಅಲ್ಲಿ? ಬಂದ್ಬಿಡು, ಇಲ್ಲೇ ಮನೆ ಹತ್ರ ಸ್ಕೂಲಿದೆ." ಬರುವುದಿಲ್ಲ ಎನ್ನಲು ನನ್ನಲ್ಲಿ ಕಾರಣವಿರಲಿಲ್ಲ, ಬರುತ್ತೇನೆ ಎನ್ನಲೂ ಇರಲಿಲ್ಲ. ಮಗಳ ಓದು ಮುಗಿಯಲಿ ಎಂದೆ. ಕಂಪನಿಯವರು ಆಗಸ್ಟಿನವರೆಗೆ ಫ್ಲ್ಯಾಟಿನಲ್ಲಿರಲು ಬಿಟ್ಟರು, ಅವರದೇನೂ ತಪ್ಪಿಲ್ಲ. ಲೊರೆಶೋದಲ್ಲಿ, ಒಂದು ದೊಡ್ಡ ಮನೆಯ ಹಿಂದಿನ ಎರಡು ಕೋಣೆಯ ಮನೆ ಬಾಡಿಗೆಗೆ ಸಿಕ್ಕಿತು.

ಸಾಮಾನು ಕಟ್ಟುವಾಗ ಕೆಳಗಿನ ಮನೆಯವರು ಬಂದು ಸಹಾಯ ಮಾಡಿದರು. ಗಂಡನ ಶರ್ಟುಗಳ ಮುಂದೆ ನಾನು ನಿಂತೇ ಇದ್ದೆ. ಯಾರಿಗೆ ಕೊಡುವುದು, ಯಾವುದನ್ನು ಇಟ್ಟುಕೊಳ್ಳುವುದು ಎಂದು ತಿಳಿಯುತ್ತಿರಲಿಲ್ಲ.

"ಇವತ್ತು ಯಾವುದನ್ನೂ ತೀರ್ಮಾನಿಸಬೇಡಿ," ಎಂದು ಅವರು ಎಲ್ಲವನ್ನೂ ಮಡಿಸಿ ಪೆಟ್ಟಿಗೆಗೆ ಹಾಕಿ, ಟೇಪು ಸುತ್ತಿದರು. "ಪೆಟ್ಟಿಗೆ ಕಾಯುತ್ತದೆ."

ಅವರಿಗೂ ವರ್ಗವಾಗಿತ್ತು. ಸೂಡಾನಿನ ಗಡಿಯ ಕಡೆ. ಅಲ್ಲಿ ಆಗ ಜನ ಗುಂಪುಗುಂಪಾಗಿ ದಾಟಿ ಬರುತ್ತಿದ್ದರು. ಹೊರಡುವ ದಿನ ವಿಮಾನ ನಿಲ್ದಾಣಕ್ಕೆ ನಾನೇ ಕಾರಿನಲ್ಲಿ ಬಿಟ್ಟೆ. ಭಯವಾಗುವುದಿಲ್ಲವೇ ಎಂದು ಕೇಳಿದೆ. ಅವರು ಸೀಟ್ ಬೆಲ್ಟ್ ಬಿಚ್ಚುತ್ತಾ, "ಆಗುತ್ತೆ. ಆದರೆ ಅಲ್ಲಿ ಹಿಟ್ಟು ತಲುಪಿಸಬೇಕು, ಅದು ನನಗೆ ಬರುತ್ತೆ," ಎಂದರು. ಅಪ್ಪಿಕೊಂಡರು, ಒಳಗೆ ಹೋದರು. ಆಗಾಗ ಫೋನಿಗೆ ಫೋಟೋ ಕಳಿಸುತ್ತಾರೆ. ಲಾರಿಗಳದು, ಮೂಟೆಗಳದು.

ಲೊರೆಶೋ ತುಂಬ ಸದ್ದಿಲ್ಲದ ಜಾಗ. ಒಂದೇ ತೊಂದರೆ, ಬೆಳಕು ಹರಿಯುತ್ತಲೇ ಹಡಾಡಾ ಎಂಬ ಉದ್ದ ಕೊಕ್ಕಿನ ಹಕ್ಕಿಗಳು ಹೆಂಚಿನ ಮೇಲೆ ಇಳಿದು, ಯಾರನ್ನೋ ಕೊಲ್ಲುತ್ತಿದ್ದಾರೇನೋ ಎಂಬಂತೆ ಅರಚುತ್ತವೆ. ಮೊದಮೊದಲು ಅದೂ ನನಗೆ ತಟ್ಟಲಿಲ್ಲ. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಮಾತ್ರ, ಏನಾಯಿತೋ, ಹಾಸಿಗೆಯಿಂದೆದ್ದು ಬರಿಗಾಲಲ್ಲಿ ಅಂಗಳಕ್ಕೆ ಬಂದೆ. ಹುಲ್ಲು ಐಸಿನಂತೆ ತಣ್ಣಗಿತ್ತು. ತಲೆಯೆತ್ತಿ, ಅವುಗಳಿಗೆ ಮೈಸೂರಿನ ನಮ್ಮ ಬೀದಿಯ ನಲ್ಲಿಕಟ್ಟೆಯಲ್ಲಿ ಕೇಳಿ ಕಲಿತಿದ್ದ ಬೈಗುಳಗಳನ್ನೆಲ್ಲ ಬೈದೆ. ಹಕ್ಕಿಗಳಿಗೆ ಬೈದು ಮುಗಿದ ಮೇಲೆ, ಎದೆನೋವನ್ನು ನನ್ನಿಂದ ಮುಚ್ಚಿಟ್ಟಿದ್ದಕ್ಕೆ ಗಂಡನನ್ನೂ ಬೈದೆ. ಗಂಟಲು ಉರಿಯುವ ತನಕ ಬೈದೆ.

ಕಿಟಕಿ ತೆರೆಯಿತು. "ಅಮ್ಮ! ವಾಟ್ ಆರ್ ಯು ಡೂಯಿಂಗ್?" ಮಗಳು ನಗುತ್ತಿದ್ದಳು. "ಓನರ್ ಕೇಳಿಸ್ಕೊಳ್ತಾರೆ!"

"ಕೇಳಿಸ್ಕೊಳ್ಲಿ. ಅವ್ರಿಗೆಲ್ಲಿ ಕನ್ನಡ ಬರುತ್ತೆ?"

ಕಾಲಿಗೆ ಚಳಿಯಾಗುತ್ತಿತ್ತು. ಚಪ್ಪಲಿ ತಂದುಕೊಡು ಎಂದೆ.